ಮ್ಯಾಜಿಕ್ ಕಿಂಗ್‌ಡಮ್‌ಗೆ ಬುತ್ತಿ ಕಟ್ಟುವುದು: ನನ್ನ ಅನುಭವ

ನಾವಿರುವುದು ಫ್ಲೋರಿಡಾದ ಟ್ಯಾಂಪಾದಲ್ಲಿ. ಮ್ಯಾಜಿಕ್ ಕಿಂಗ್‌ಡಮ್ ಅನ್ನುವ ಪಾರ್ಕ್ ಇರುವ ಡಿಸ್ನಿ ವರ್ಲ್ಡ್‌ಗೆ ಕಾರಿನಲ್ಲಿ ಒಂದೂಕಾಲು ಗಂಟೆ, ಟ್ರಾಫಿಕ್ ಸಿಕ್ಕಿಕೊಂಡರೆ ಎರಡು ಗಂಟೆ. ಮಗಳಿಗೆ ಏಳು ವರ್ಷ, ಮಗನಿಗೆ ಮೂರೂವರೆ. ವರ್ಷದ ಪಾಸ್ ಇರುವುದರಿಂದ ಎರಡು ತಿಂಗಳಿಗೊಮ್ಮೆಯಾದರೂ ಹೋಗುತ್ತೇವೆ. ನಾಲ್ಕು ವರ್ಷದಿಂದ ಮಕ್ಕಳ ತಿಂಡಿ ಚೀಲ ಕಟ್ಟುವ ಕೆಲಸ ನನ್ನದೇ.

ಮೊದಲ ಸಲ ಹೋದಾಗ ಮಗ ಹುಟ್ಟಿರಲಿಲ್ಲ, ಮಗಳಿಗೆ ಮೂರು ವರ್ಷ. ಬೆಳಗ್ಗೆ ನಾಲ್ಕೂವರೆಗೆ ಎದ್ದು ಒಂದು ದೊಡ್ಡ ಡಬ್ಬಿ ತುಂಬ ಚಿತ್ರಾನ್ನ ಮಾಡಿ, ತಟ್ಟೆ, ಚಮಚ ಎಲ್ಲ ಇಟ್ಟುಕೊಂಡಿದ್ದೆ. ಹನ್ನೊಂದು ಗಂಟೆ ಹೊತ್ತಿಗೆ ಪೀಟರ್ ಪ್ಯಾನ್ ರೈಡ್‌ನ ಸಾಲಿನಲ್ಲಿ ನಿಂತಿದ್ದೆವು. ಒಂದು ಗಂಟೆಗೂ ಜಾಸ್ತಿ ಕಾಯಬೇಕು ಅಂತ ಬೋರ್ಡ್ ತೋರಿಸುತ್ತಿತ್ತು. ಅರ್ಧ ಸಾಲು ಮುಗಿದಿರಬೇಕು, ಮಗಳು ಸೆರಗು ಎಳೆದ ಹಾಗೆ ನನ್ನ ಕುರ್ತಾ ಎಳೆದು, "ಅಮ್ಮಾ, ಹೊಟ್ಟೆ ಹಸೀತಿದೆ" ಅಂದಳು. ತಳ್ಳುಗಾಡಿಯನ್ನು ಹೊರಗೆ ಬಿಟ್ಟು ಬಂದಿದ್ದೆವು. ಡಬ್ಬಿ ಇಡಲು ಜಾಗವಿಲ್ಲ, ಸಾಲು ನಿಮಿಷಕ್ಕೆರಡು ಹೆಜ್ಜೆ ಮುಂದೆ ಹೋಗುತ್ತಲೇ ಇದೆ. ಆದರೂ ಒಂದು ಕೈಯಲ್ಲಿ ಡಬ್ಬಿ ಹಿಡಿದು ತೆಗೆದೆ. ಎರಡನೇ ತುತ್ತಿಗೇ ಚಮಚ ಜಾರಿ, ಅನ್ನ ನೆಲದ ಮೇಲೆ. ಮಗಳು ಅಳತೊಡಗಿದಳು. ಸಾಲು ಬಿಟ್ಟು ಹೊರಗೆ ಬಂದು, ಮರದ ನೆರಳಿನ ಬೆಂಚಿನ ಮೇಲೆ ಕೂತು ತಿನ್ನಿಸಲು ನೋಡಿದೆ. ನಾಲ್ಕು ತುತ್ತು ತಿಂದು ಸಾಕು ಅಂದಳು.

ನನಗೆ ಆವತ್ತೇ ಗೊತ್ತಾಯಿತು. ಇಲ್ಲಿಗೆ ಊಟ ಕಟ್ಟಬಾರದು, ಕೈತಿಂಡಿ ಕಟ್ಟಬೇಕು. ಒಂದು ಕೈ ಅಮ್ಮ ಅಪ್ಪ ಹಿಡಿದುಕೊಂಡಿರುತ್ತಾರೆ. ಇನ್ನೊಂದು ಕೈಯಲ್ಲಿ ಮಗು ತಾನೇ ಹಿಡಿದು, ತಾನೇ ಕಚ್ಚಿ ತಿನ್ನುವಂತಿರಬೇಕು. ಚಮಚ ಬೇಕಾದ ತಿಂಡಿ ಕೂತಾಗ ಮಾತ್ರ.

ಡಿಸ್ನಿ ವರ್ಲ್ಡ್‌ನಲ್ಲಿ ಮನೆ ತಿಂಡಿ ಒಳಗೆ ಒಯ್ಯಬಹುದು. ಗಾಜಿನ ಡಬ್ಬಿ, ಗಾಜಿನ ಬಾಟಲಿ ಬಿಡುವುದಿಲ್ಲ. ಎಳೆ ಮಕ್ಕಳ ಆಹಾರದ ಪುಟ್ಟ ಜಾಡಿಗೆ ಮಾತ್ರ ವಿನಾಯಿತಿ. ಬಿಡಿ ಐಸ್ ಒಯ್ಯುವಂತಿಲ್ಲ, ಡ್ರೈ ಐಸ್ ಕೂಡ ಇಲ್ಲ. ಚೀಲ ತೆಗೆದು ನೋಡಬಹುದು ಅಂತಲೇ ನಾನು ಡಬ್ಬಿಗಳನ್ನೆಲ್ಲ ಮೇಲ್ಗಡೆ ಒಂದೇ ಕಡೆ ಇಡುತ್ತೇನೆ. ಇನ್ನೊಂದು ಮಾತು ನೆನಪಿರಲಿ. ಮ್ಯಾಜಿಕ್ ಕಿಂಗ್‌ಡಮ್‌ನ ಕಾರ್ ಪಾರ್ಕಿಂಗ್ ಗೇಟಿನ ಹತ್ತಿರ ಇಲ್ಲ. ಕಾರು ಬಿಟ್ಟ ಮೇಲೆ ಮೊನೊರೈಲ್ ಅಥವಾ ಫೆರ್ರಿ ಹತ್ತಿ ಕೆರೆ ದಾಟಬೇಕು. "ಕಾರಲ್ಲಿ ಇದೆ, ತಂದು ಕೊಡ್ತೀನಿ" ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ. ಬೇಕಾದದ್ದೆಲ್ಲ ಬೆನ್ನ ಮೇಲೇ ಇರಬೇಕು.

ಬೆಳಗ್ಗಿನ ತಿಂಡಿ ಕಾರಿನಲ್ಲೇ ಮುಗಿಸುತ್ತೇವೆ. ತುಪ್ಪ, ಚಟ್ನಿಪುಡಿ ಸವರಿದ ಪುಟ್ಟ ಇಡ್ಲಿ. ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ.

ಸಾಲಿನಲ್ಲಿ ನಿಂತಾಗಿನ ತಿಂಡಿಯೇ ಮುಖ್ಯ. ಅದಕ್ಕೆ ನನಗೆ ಸಿಕ್ಕಿದ ಅತಿ ಒಳ್ಳೆ ತಿಂಡಿ ಕೋಡುಬಳೆ. ನಮ್ಮ ಅತ್ತೆ ದಾವಣಗೆರೆಯವರು. ಎರಡು ವರ್ಷದ ಹಿಂದೆ ಇಲ್ಲಿಗೆ ಬಂದಿದ್ದಾಗ, "ಹುಡುಗ್ರು ಕೈಯಾಗ ಹಿಡ್ಕಂಡು ತಿನ್ನಾಕೆ ಇದಕ್ಕಿಂತ ಬೇರೆ ಏನು ಬೇಕವ್ವಾ" ಅಂತ ಸಣ್ಣ ಸಣ್ಣ ಕೋಡುಬಳೆ ಮಾಡಿಕೊಟ್ಟರು. ಮಗಳು ಅದನ್ನು ಉಂಗುರದ ಹಾಗೆ ಬೆರಳಿಗೆ ಹಾಕಿಕೊಂಡಳು. ಒಂದು ಕಡೆಯಿಂದ ಕಚ್ಚುತ್ತಾ, ಬೆರಳು ತಿರುಗಿಸುತ್ತಾ, ಒಂದೇ ಕೋಡುಬಳೆಯನ್ನು ಹತ್ತು ನಿಮಿಷ ತಿಂದಳು. ಕೈಯಿಂದ ಬೀಳಲಿಲ್ಲ. ಬಟ್ಟೆಗೆ ಮೆತ್ತಲಿಲ್ಲ. ಐದು ಬೆರಳಿಗೆ ಐದು ಹಾಕಿಕೊಂಡು ನಿಂತರೆ ಅರ್ಧ ಸಾಲು ಕಳೆದಿರುತ್ತದೆ.

ಅಕ್ಕಿಹಿಟ್ಟಿಗೆ ಹುರಿಗಡಲೆ ಪುಡಿ, ಸ್ವಲ್ಪ ಚಿರೋಟಿ ರವೆ, ಒಣಕೊಬ್ಬರಿ, ಇಂಗು, ಬಿಸಿ ಎಣ್ಣೆ ಹಾಕಿ ಕಲಸುತ್ತೇನೆ. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಎಷ್ಟು ಬೇಕೋ ಅಷ್ಟೇ. ಖಾರ ಜಾಸ್ತಿಯಾದರೆ ಮಕ್ಕಳು ನೀರು ಕುಡಿದು ಕುಡಿದು, ಸಾಲಿನ ಮಧ್ಯೆ ಬಾತ್‌ರೂಮ್ ಕೇಳುತ್ತಾರೆ. ಹೊಸೆಯುವಾಗ ನನ್ನ ಕಿರುಬೆರಳಿಗಿಂತ ತೆಳ್ಳಗೆ ಹೊಸೆಯುತ್ತೇನೆ, ಸಣ್ಣ ಉರಿಯಲ್ಲಿ ಒಳಗಿನವರೆಗೆ ಕರಿಯುತ್ತೇನೆ. ಪೂರ್ತಿ ಆರುವವರೆಗೆ ಡಬ್ಬಿಗೆ ಹಾಕುವುದಿಲ್ಲ. ಫ್ಲೋರಿಡಾದ ಗಾಳಿಯಲ್ಲಿ ತೇವ ತುಂಬಾ. ಒಂದೇ ದೊಡ್ಡ ಡಬ್ಬಿಯಲ್ಲಿಟ್ಟು ನಾಲ್ಕು ಸಲ ಮುಚ್ಚಳ ತೆಗೆದರೆ, ಸಂಜೆಗೆ ಗರಿಗರಿ ಹೋಗಿ ಮೆತ್ತಗಾಗಿರುತ್ತದೆ. ದಾವಣಗೆರೆ ಮಂಡಕ್ಕಿ ಒಯ್ದಾಗ ಹೀಗೇ ಆಗಿತ್ತು. ಮಧ್ಯಾಹ್ನದ ಹೊತ್ತಿಗೆ ನೀರು ಚಿಮುಕಿಸಿದ ಹಾಗಿತ್ತು, ಮಕ್ಕಳು ಮುಟ್ಟಲಿಲ್ಲ. ಅಲ್ಲಿಂದ ಎಲ್ಲವನ್ನೂ ಅಂಗೈ ಅಗಲದ, ಬಿಗಿ ಮುಚ್ಚಳದ ಐದಾರು ಡಬ್ಬಿಗೆ ಹಂಚುತ್ತೇನೆ. ಒಂದು ಸಾಲಿಗೆ ಒಂದು ಡಬ್ಬಿ. ಒಂದು ಖಾಲಿಯಾಗದೆ ಇನ್ನೊಂದು ತೆಗೆಯುವುದಿಲ್ಲ.

ಮಗನಿಗೆ ಕೋಡುಬಳೆ ಇನ್ನೂ ಗಟ್ಟಿ. ಅವನಿಗೆ ಪಡ್ಡು. ದೋಸೆ ಹಿಟ್ಟಿಗೆ ತುರಿದ ಕ್ಯಾರೆಟ್, ಕೊತ್ತಂಬರಿ ಸೊಪ್ಪು ಹಾಕಿ, ಹೊರಡುವ ಬೆಳಗ್ಗೆಯೇ ಹುಯ್ಯುತ್ತೇನೆ. ಈರುಳ್ಳಿ ಹಾಕುವುದಿಲ್ಲ, ಚೀಲವೆಲ್ಲ ವಾಸನೆ ಬರುತ್ತದೆ. ಪಡ್ಡು ಅವನ ಮುಷ್ಟಿಗೆ ಸರಿಯಾಗಿ ಕೂರುತ್ತದೆ. ಆದರೆ ಹಾಗೇ ಕೊಡುವುದಿಲ್ಲ, ಎರಡು ಹೋಳು ಮಾಡುತ್ತೇನೆ. ಗುಂಡಗಿರುವುದನ್ನು ಅವನು ಇಡಿಯಾಗಿ ಬಾಯಿಗೆ ತುರುಕುತ್ತಾನೆ. ದ್ರಾಕ್ಷಿಯಾದರೆ ಉದ್ದಕ್ಕೆ ನಾಲ್ಕು ಸೀಳು. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಇಡೀ ದ್ರಾಕ್ಷಿ, ಇಡೀ ಶೇಂಗಾ, ಪಾಪ್‌ಕಾರ್ನ್, ಗಟ್ಟಿ ಮಿಠಾಯಿ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳಬಹುದು ಅಂತ ಇಲ್ಲಿನ ಮಕ್ಕಳ ಡಾಕ್ಟರುಗಳು ಹೇಳುತ್ತಾರೆ. ಪಾರ್ಕಿನಲ್ಲಿ ಇದು ಇನ್ನೂ ಮುಖ್ಯ. ಮಗು ತಿನ್ನುತ್ತಲೇ ಓಡುತ್ತದೆ, ಕುಣಿಯುತ್ತದೆ, ಮಿಕ್ಕಿ ಕಂಡರೆ ಕೂಗುತ್ತದೆ. ಅದಕ್ಕೇ ಮಗ ತಳ್ಳುಗಾಡಿಯಲ್ಲಿ ಕೂತಿದ್ದಾಗ, ಇಲ್ಲವೇ ನನ್ನ ಕೈ ಹಿಡಿದು ನಿಂತಿದ್ದಾಗ ಮಾತ್ರ ತಿನ್ನುತ್ತಾನೆ. ಈ ವಿಷಯದಲ್ಲಿ ನಾನು ಸಡಿಲ ಬಿಡುವುದಿಲ್ಲ.

ಒಂದು ಸಲ ಡಂಬೋ ರೈಡ್‌ನ ಸಾಲಿನಲ್ಲಿ ಮುಂದೆ ನಿಂತಿದ್ದ ಪುಟ್ಟ ಹುಡುಗಿ ನನ್ನ ಮಗಳ ಬೆರಳಿನ ಕೋಡುಬಳೆಯನ್ನೇ ನೋಡುತ್ತಿದ್ದಳು. ಮಗಳು ಒಂದು ಬಿಚ್ಚಿ ಅವಳ ಮುಂದೆ ಹಿಡಿದೇಬಿಟ್ಟಳು. ನಮ್ಮಲ್ಲಿ ಹಂಚಿಕೊಂಡು ತಿನ್ನುವುದು ರೂಢಿ, ಅಲ್ವಾ? ಆದರೆ ಇಲ್ಲಿ ಎಷ್ಟೋ ಮಕ್ಕಳಿಗೆ ಶೇಂಗಾ ತಿಂದರೆ ಅಲರ್ಜಿ, ಕೆಲವರಿಗೆ ಜೀವಕ್ಕೇ ಅಪಾಯ. ನಾನು ಮಗಳ ಕೈ ತಡೆದು, ಆ ಮಗುವಿನ ತಾಯಿಗೆ ಇದರಲ್ಲಿ ಏನೇನಿದೆ, ಯಾವ ಎಣ್ಣೆಯಲ್ಲಿ ಕರಿದದ್ದು ಅಂತೆಲ್ಲ ಹೇಳಿದೆ. ಅವರು ಕೇಳಿಸಿಕೊಂಡು ಕೊಡಿ ಅಂದರು. ಆ ಮಗುವೂ ಬೆರಳಿಗೆ ಹಾಕಿಕೊಂಡೇ ತಿಂದಿತು. ಅವತ್ತಿನಿಂದ ಮಗಳು ಮೊದಲು ನನ್ನ ಮುಖ ನೋಡುತ್ತಾಳೆ, ಆಮೇಲೆ ಕೈ ಚಾಚುತ್ತಾಳೆ. ಶೇಂಗಾ ಚಿಕ್ಕಿ, ಶೇಂಗಾ ಉಂಡೆಯನ್ನಂತೂ ಪಾರ್ಕಿಗೆ ಒಯ್ಯುವುದನ್ನೇ ಬಿಟ್ಟಿದ್ದೇನೆ.

ಇನ್ನು ಬಿಸಿಲು. ಜುಲೈನಲ್ಲಿ ಇಲ್ಲಿ ದಿನವೂ 33 ಡಿಗ್ರಿ ಆಸುಪಾಸು. ಮೇಲೆ ಸೆಖೆ. ನಾನು ಚಿಕ್ಕವಳಿದ್ದಾಗ ರೈಲಿನಲ್ಲಿ ಊರಿಗೆ ಹೊರಟರೆ, ಅಮ್ಮ ಬಿಸಿ ಅನ್ನಕ್ಕೆ ಹಾಲು ಹಾಕಿ ಒಂದು ಚಮಚ ಮೊಸರು ಕಲಸುತ್ತಿದ್ದರು. ಮಧ್ಯಾಹ್ನಕ್ಕೆ ಹದವಾಗಿ ಹೆಪ್ಪಾಗಿರುತ್ತಿತ್ತು. ಇಲ್ಲಿಯೂ ಹಾಗೇ ಮಾಡಬಹುದು ಅಂದುಕೊಂಡಿದ್ದೆ. ಆದರೆ ಬೇಗ ಕೆಡುವ ಆಹಾರವನ್ನು ಫ್ರಿಜ್ಜಿನ ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇಡಬಾರದು, 32 ಡಿಗ್ರಿ ಮೀರಿದ ಬಿಸಿಲಲ್ಲಿ ಒಂದೇ ಗಂಟೆ ಅಂತ ಇಲ್ಲಿನ ಕೃಷಿ ಇಲಾಖೆ ಹೇಳುತ್ತದೆ. ಅದನ್ನು ಓದಿದ ಮೇಲೆ ಮಗುವಿನ ಹೊಟ್ಟೆಯ ವಿಷಯದಲ್ಲಿ ಧೈರ್ಯ ಮಾಡಲಿಲ್ಲ. ಈಗ ಮೊಸರನ್ನವನ್ನು ಹಿಂದಿನ ರಾತ್ರಿಯೇ ಕಲಸಿ, ಅಗಲ ಬಾಯಿಯ ಸ್ಟೀಲ್ ಫ್ಲಾಸ್ಕಿನಲ್ಲಿ ಹಾಕಿ ಮುಚ್ಚಳ ತೆಗೆದೇ ಫ್ರಿಜ್ಜಿನಲ್ಲಿ ಇಡುತ್ತೇನೆ. ಅನ್ನದ ಜೊತೆ ಫ್ಲಾಸ್ಕೂ ತಣ್ಣಗಾಗಬೇಕು, ಗುಟ್ಟು ಅಷ್ಟೇ. ಬೆಳಗ್ಗೆ ಮುಚ್ಚಿ, ತಣ್ಣಗಿಡುವ ಚೀಲದಲ್ಲಿ ಐಸ್ ಪ್ಯಾಕ್‌ಗಳ ನಡುವೆ ನಿಲ್ಲಿಸುತ್ತೇನೆ.

ಬಿಡಿ ಐಸ್ ಬಿಡುವುದಿಲ್ಲವಲ್ಲ, ಅದಕ್ಕೆ ನೀರಿನ ಬಾಟಲಿ, ಜ್ಯೂಸ್ ಪೊಟ್ಟಣಗಳನ್ನೇ ಹಿಂದಿನ ರಾತ್ರಿ ಗಟ್ಟಿ ಮಾಡುತ್ತೇನೆ. ಬಾಟಲಿಗೆ ಮುಕ್ಕಾಲು ಭಾಗವೇ ನೀರು, ಐಸ್ ಆದಾಗ ಉಬ್ಬುತ್ತದೆ. ಮಧ್ಯಾಹ್ನದವರೆಗೆ ಅವು ಮೊಸರನ್ನ ಕಾಯುತ್ತವೆ. ಆಮೇಲೆ ಕರಗಿ ಕುಡಿಯಲು ಒದಗುತ್ತವೆ. ನೀರು ಇನ್ನೂ ಬೇಕಾದರೆ ಪಾರ್ಕಿನ ಕೌಂಟರ್ ಹೋಟೆಲ್‌ಗಳಲ್ಲಿ ಕೇಳಿದರೆ ಐಸ್ ನೀರು ಲೋಟದಲ್ಲಿ ಬಿಟ್ಟಿಯಾಗಿ ಕೊಡುತ್ತಾರೆ. ಇಡೀ ದಿನದ ನೀರು ಹೊರುವ ಅಗತ್ಯವಿಲ್ಲ.

ಮೊಸರನ್ನ ತಿನ್ನಲು ಹನ್ನೆರಡೂವರೆ ಹೊತ್ತಿಗೆ ಎಲ್ಲಾದರೂ ಕೂರಲೇಬೇಕು. ಪಾರ್ಕಿನ ಮುಖ್ಯ ಬೀದಿ ಮೇನ್ ಸ್ಟ್ರೀಟ್ ಮುಗಿಯುವಲ್ಲಿ, ಕ್ರಿಸ್ಟಲ್ ಪ್ಯಾಲೇಸ್ ಹೋಟೆಲ್ ಪಕ್ಕ ಬೇಬಿ ಕೇರ್ ಸೆಂಟರ್ ಇದೆ. ಒಳಗೆ ಏಸಿ, ಮಕ್ಕಳನ್ನು ಕೂರಿಸುವ ಎತ್ತರದ ಕುರ್ಚಿ, ಮೈಕ್ರೋವೇವ್ ಎಲ್ಲ ಉಂಟು. ಮಗ ಎಳೆಕೂಸಾಗಿದ್ದಾಗ ರಾಗಿ ಸರಿ ಬಿಸಿ ಮಾಡಿಕೊಂಡು ಅಲ್ಲೇ ಕೂತು ತಿನ್ನಿಸುತ್ತಿದ್ದೆ. ಹೊರಗಿನ ಗದ್ದಲದಿಂದ ಒಳಗೆ ಬಂದ ಕೂಡಲೇ ಅವನ ಮೈ ಸಡಿಲವಾಗುವುದು ನನ್ನ ತೋಳಿಗೆ ಗೊತ್ತಾಗುತ್ತಿತ್ತು. ಕೈಕೂಸು ಇರುವವರು ಈ ಜಾಗ ಎಲ್ಲಿದೆ ಅಂತ ಮೊದಲೇ ನೋಡಿಟ್ಟುಕೊಳ್ಳಿ.

ಹೊರಗೆ ಕೂತರೆ ಹಕ್ಕಿಗಳ ಕಡೆ ಒಂದು ಕಣ್ಣು ಇರಲಿ. ಬಿಳಿ ಐಬಿಸ್ ಅಂತ ಒಂದು ಹಕ್ಕಿ, ಉದ್ದನೆಯ ಬಾಗಿದ ಕೆಂಪು ಕೊಕ್ಕು. ಮಗ ಚಪಾತಿ ಸುರುಳಿ ಹಿಡಿದು ಕೂತಿದ್ದ. ಹಕ್ಕಿ ನಡೆದುಕೊಂಡೇ ಬಂದು, ಕತ್ತು ಚಾಚಿ, ಅವನ ಕೈಯಿಂದ ಎಳೆದುಕೊಂಡು ಹೋಯಿತು. ಅವನಿಗೆ ಏನೂ ಪೆಟ್ಟಾಗಲಿಲ್ಲ, ಆದರೆ ತುಂಬಾ ಹೆದರಿದ. ಆಮೇಲೆ ಅರ್ಧ ಗಂಟೆ ಎತ್ತಿಕೊಂಡೇ ಓಡಾಡಿದೆ. ರೈಡ್ ಹತ್ತುವಾಗ ತಳ್ಳುಗಾಡಿ ಹೊರಗೆ ಬಿಡುತ್ತೇವಲ್ಲ, ಅದರಲ್ಲಿ ತಿಂಡಿ ಬಿಡಬೇಡಿ. ಅಳಿಲುಗಳೂ ಬರುತ್ತವೆ.

ಬೆಲ್ಲ ತುಪ್ಪ ಸವರಿದ ಚಪಾತಿ ಸುರುಳಿ ಒಳ್ಳೆಯದೇ, ಆದರೆ ಬೆಲ್ಲ ಬಿಸಿಲಿಗೆ ಕರಗಿ ಕೆಳಗಿನಿಂದ ಸೋರುತ್ತದೆ. ಚಪಾತಿಯ ಒಂದು ತುದಿ ಒಳಗೆ ಮಡಚಿ ಸುತ್ತಿ, ಅರ್ಧದವರೆಗೆ ಬಟರ್ ಪೇಪರ್ ಸುತ್ತಿದರೆ ನಿಲ್ಲುತ್ತದೆ. ಬಾಳೆಹಣ್ಣು ಚೀಲದಲ್ಲಿ ನುಜ್ಜುಗುಜ್ಜಾಗುತ್ತದೆ, ಒಯ್ಯುವುದಿಲ್ಲ. ಚಾಕೊಲೇಟ್ ಬೇಡವೇ ಬೇಡ. ಬೆವರು ಸುರಿಯುವ ಊರಲ್ಲಿ ಮಕ್ಕಳು ಸಿಹಿಗಿಂತ ಉಪ್ಪಿನದನ್ನೇ ಕೇಳುತ್ತಾರೆ. ಉಪ್ಪು ಸವರಿದ ಎಳೆ ಸೌತೆಕಾಯಿಯ ತೆಳ್ಳಗಿನ ಸೀಳು ತಣ್ಣಗಿದ್ದರೆ ಇಬ್ಬರೂ ಜಗಳವಾಡಿಕೊಂಡು ತಿನ್ನುತ್ತಾರೆ. ಜೊತೆಗೆ ಒದ್ದೆ ಮಾಡಿದ ಹತ್ತಿ ಬಟ್ಟೆ ಎರಡು. ಎಣ್ಣೆ ಕೈಗೆ ಸ್ಯಾನಿಟೈಸರ್ ಹಚ್ಚಿದರೆ ಸುಮ್ನೆ ಅಂಟಂಟಾಗುತ್ತದೆ, ಬಟ್ಟೆಯಲ್ಲಿ ಒರೆಸಬೇಕು.

ಇಷ್ಟೆಲ್ಲ ಕಟ್ಟಿದರೂ, ಒಂದು ತಿಂಡಿಯನ್ನು ಮಾತ್ರ ಅಲ್ಲೇ ಕೊಳ್ಳುತ್ತೇವೆ. ಮಿಕ್ಕಿ ಕಿವಿಯ ಐಸ್‌ಕ್ರೀಮೋ, ಡೋಲ್ ವಿಪ್ ಅನ್ನುವ ಅನಾನಸಿನ ತಣ್ಣನೆ ಸಿಹಿಯೋ, ಮಕ್ಕಳೇ ಆರಿಸಬೇಕು. ಯಾವುದು ಅಂತ ಕಾರಿನಲ್ಲೇ ಮಾತಾಗಿರುತ್ತದೆ. ಮಧ್ಯಾಹ್ನದ ಮೆರವಣಿಗೆ ನೋಡುವಾಗ ಕೊಡಿಸುತ್ತೇವೆ. ಮನೆಯವರು ಮೊದಲೆಲ್ಲ "ಮನೇದೇ ಇದೆಯಲ್ಲ" ಅನ್ನುತ್ತಿದ್ದರು. ಆದರೆ ಅಲ್ಲಿಯ ಒಂದು ರುಚಿ ಮಕ್ಕಳ ನೆನಪಿನಲ್ಲಿ ಉಳಿಯಲಿ ಅನ್ನುವುದು ನನ್ನ ಆಸೆ. ಮೊದಲೇ ಗೊತ್ತಿರುವುದರಿಂದ ಪ್ರತಿ ಅಂಗಡಿ ಮುಂದೆ ಹಟ ಮಾಡುವುದೂ ನಿಂತಿದೆ.

ಬೇಸಿಗೆಯಲ್ಲಿ ಮೂರು ನಾಲ್ಕು ಗಂಟೆ ಹೊತ್ತಿಗೆ ಗುಡುಗು ಮಳೆ ಬಂದೇ ಬರುತ್ತದೆ ಅಂದುಕೊಂಡಿರಬೇಕು. ಹೊರಗಿನ ರೈಡ್‌ಗಳು ನಿಲ್ಲುತ್ತವೆ, ಎಲ್ಲರೂ ಸೂರಿನ ಕೆಳಗೆ ಒತ್ತಿಕೊಂಡು ನಿಲ್ಲುತ್ತಾರೆ. ಮಕ್ಕಳು ಸುಸ್ತಾಗಿ ರಚ್ಚೆ ಹಿಡಿಯುವುದೂ ಆಗಲೇ. ಅದಕ್ಕೆ ಅಂತ ಒಂದು ಹೊಸ ಡಬ್ಬಿ ಮುಟ್ಟದೆ ಇಟ್ಟಿರುತ್ತೇನೆ. ಬೆಳಗ್ಗಿನಿಂದ ತಿಂದದ್ದೇ ಮತ್ತೆ ಕೊಟ್ಟರೆ ತಳ್ಳಿಬಿಡುತ್ತಾರೆ. ರವೆ ಉಂಡೆಯನ್ನು ನಿಂಬೆಗಿಂತ ಸಣ್ಣದಾಗಿ ಕಟ್ಟಿ, ಒಂದೊಂದನ್ನೂ ಕಾಗದದಲ್ಲಿ ಸುತ್ತಿರುತ್ತೇನೆ. ಮಗ ಕಾಗದ ಬಿಚ್ಚುವುದರಲ್ಲೇ ಅಳು ಮರೆಯುತ್ತಾನೆ. ಆಮೇಲೆ ನಾನು ಮುರಿದು ಕೊಡುತ್ತೇನೆ.

ಕೊನೆಯ ಡಬ್ಬಿ ಕಾರಿನಲ್ಲಿ. ಅದು ಇದೆ ಅಂತ ಮಕ್ಕಳಿಗೆ ಹೇಳಿರುವುದಿಲ್ಲ. ಮುಚ್ಚಿದ ಕಾರು ಇಡೀ ದಿನ ಬಿಸಿಲಲ್ಲಿ ಕಾದಿರುತ್ತದೆ, ಹಾಗಾಗಿ ಅದರಲ್ಲಿ ಒಣ ತಿಂಡಿ ಮಾತ್ರ. ಖಾರ ಹಾಕದ, ಅರಿಶಿನ ಒಗ್ಗರಣೆಯ ಹುರಿದ ಅವಲಕ್ಕಿ, ಎರಡು ನಿಪ್ಪಟ್ಟು. ಪಟಾಕಿ ನೋಡಿ, ಫೆರ್ರಿ ಇಳಿದು, ಕಾರಿಗೆ ಬರುವಷ್ಟರಲ್ಲಿ ಹತ್ತೂವರೆ ಆಗಿರುತ್ತದೆ. ಮಗ ಅಷ್ಟರಲ್ಲಿ ಮಲಗಿರುತ್ತಾನೆ. ಮಗಳು ಬೆಲ್ಟ್ ಹಾಕಿಕೊಂಡು, "ಏನಾದ್ರೂ ಇದೆಯಾ ಅಮ್ಮಾ?" ಅನ್ನುತ್ತಾಳೆ. ಸೀಟಿನ ಕೆಳಗಿನಿಂದ ಡಬ್ಬಿ ತೆಗೆದು ಹಿಂದಕ್ಕೆ ಕೊಡುತ್ತೇನೆ.