ಆಟಿಯಲ್ಲಿ ಕುಗ್ಗುವ ಪೀಕ್

ಎಸ್‌ಬಿಎ-15ರಂಥ ರಂಧ್ರಗಳುಳ್ಳ ಸಿಲಿಕಾ ಪುಡಿಯನ್ನು ಮಾರ್ಚ್‌ನಲ್ಲೊಮ್ಮೆ, ಆಟಿಯ ಮಳೆಯಲ್ಲಿ ಇನ್ನೊಮ್ಮೆ ಮಂಗಳೂರಿನಲ್ಲಿ ಅಳೆದರೆ ಸ್ಯಾಕ್ಸ್ (ಸಣ್ಣ ಕೋನದಲ್ಲಿ ಚದುರುವ ಎಕ್ಸ್-ರೇಯ ಅಳತೆ) ಪೀಕಿನ ಎತ್ತರ ಕಾಲು ಭಾಗಕ್ಕೆ ಇಳಿದಿರಲೂಬಹುದು. ‘ರಚನೆ ಕುಸಿದಿದೆ’ ಎಂದು ಬರೆಯುವ ಮೊದಲು ಪೀಕ್ ಎಲ್ಲಿದೆ ಅಂತ ನೋಡಿ. ಅದರ ಜಾಗ ಹೇಳುವುದು ರಂಧ್ರಗಳ ಸಾಲುಗಳ ನಡುವಿನ ಅಂತರವನ್ನು. ಜಾಗ ಕದಲದಿದ್ದರೆ ನಾನು ಮೊದಲು ಶಂಕಿಸುವುದು ನೀರನ್ನು.

ಎಕ್ಸ್-ರೇ ಚದುರುವುದು ಎಲೆಕ್ಟ್ರಾನ್ ಸಾಂದ್ರತೆಯ ವ್ಯತ್ಯಾಸದಿಂದ. ತೀವ್ರತೆ ಆ ವ್ಯತ್ಯಾಸದ ವರ್ಗದಷ್ಟು. ಘನ ನ್ಯಾನೊಮೀಟರಿಗೆ ಸಿಲಿಕಾದಲ್ಲಿ ಸುಮಾರು 660 ಎಲೆಕ್ಟ್ರಾನ್, ನೀರಿನಲ್ಲಿ 334, ಗಾಳಿಯಲ್ಲಿ ಇಲ್ಲವೆನ್ನುವಷ್ಟು ಕಮ್ಮಿ. ರಂಧ್ರಕ್ಕೆ ನೀರು ತುಂಬಿದರೆ ವ್ಯತ್ಯಾಸ ಅರ್ಧ, ತೀವ್ರತೆ ಕಾಲು.

ಹಾಗಾಗಿ ಪುಡಿಯನ್ನು ರಾತ್ರಿಯಿಡೀ 110 ಡಿಗ್ರಿಯಲ್ಲಿ ಒಣಗಿಸಿ, ಡೆಸಿಕೇಟರ್‌ನಲ್ಲೇ (ತೇವ ಹೀರುವ ಜೆಲ್ ಇಟ್ಟ ಮುಚ್ಚಿದ ಪಾತ್ರೆ) ಆರಿಸುತ್ತೇನೆ. ಅಲ್ಲಿನ ನೀಲಿ ಸಿಲಿಕಾ ಜೆಲ್ ಗುಲಾಬಿಗೆ ತಿರುಗಿದ್ದರೆ ಅದನ್ನೂ ಓವನ್ನಿಗೆ ಹಾಕಬೇಕು. ಖರಲಿನಲ್ಲಿ ಜೋರಾಗಿ ಅರೆಯಬೇಡಿ, ಆಗ ರಚನೆ ನಿಜವಾಗಿಯೇ ಹಾಳಾಗುತ್ತದೆ. 1 ಮಿ.ಮೀ. ದಪ್ಪದ ವಾಷರಿನಲ್ಲಿ ಪುಡಿ ತುಂಬಿ, ಎರಡೂ ಬದಿಗೆ ಕ್ಯಾಪ್ಟಾನ್ (ಪಾಲಿಇಮೈಡ್ ಪ್ಲಾಸ್ಟಿಕ್) ಟೇಪ್ ಅಂಟಿಸಿ. ಟ್ರಾನ್ಸ್‌ಮಿಷನ್ (ದಾಟಿ ಬರುವ ಎಕ್ಸ್-ರೇಯ ಪಾಲು) 0.3ರಿಂದ 0.5ರ ನಡುವೆ ಇದ್ದರೆ ಒಳ್ಳೆಯದು.

ಅದೇ ಟೇಪಿನ ಎರಡು ಪದರ ಅಂಟಿಸಿದ ಖಾಲಿ ವಾಷರನ್ನು ಅಷ್ಟೇ ಹೊತ್ತು ಅಳೆಯಿರಿ. ಎರಡರ ಎಣಿಕೆಯನ್ನೂ ಅದರದರ ಟ್ರಾನ್ಸ್‌ಮಿಷನ್ನಿನಿಂದ ಭಾಗಿಸಿ, ಆಮೇಲೆ ಕಳೆಯಿರಿ. ಭಾಗಿಸದೆ ಕಳೆದರೆ ಕ್ಯಾಪ್ಟಾನಿನದೇ ಉಬ್ಬು, ಕ್ಯೂ (ಚದುರುವ ಕೋನವನ್ನು ಸೂಚಿಸುವ ಅಳತೆ, ಪ್ರತಿ ನ್ಯಾನೊಮೀಟರಿಗೆ) 4ರ ಆಸುಪಾಸಿನಲ್ಲಿ, ತಗ್ಗಾಗಿ ಕಾಣುತ್ತದೆ. ಹೊಸಬರು ಅದಕ್ಕೂ ಅರ್ಥ ಹುಡುಕುತ್ತಾರೆ.

ಕ್ಯಾಲಿಬ್ರೇಷನ್‌ಗೆ ಸಿಲ್ವರ್ ಬೆಹೆನೇಟ್ ಸಾಕು: ಪದರದ ಅಂತರ 5.838 ನ್ಯಾನೊಮೀಟರ್, ಮೊದಲ ಉಂಗುರ ಕ್ಯೂ 1.076ಕ್ಕೆ. ಅದನ್ನು ಪುಡಿಯ ಜೊತೆ ಬೆರೆಸಬೇಡಿ. ಡಿ-100 (ರಂಧ್ರಗಳ ಸಾಲುಗಳ ನಡುವಿನ ಅಂತರ) ಸುಮಾರು 10 ನ್ಯಾನೊಮೀಟರ್ ಇರುವ ಎಸ್‌ಬಿಎ-15ರ ಮೊದಲ ಪೀಕ್ 0.63ಕ್ಕೆ, ಎರಡನೆಯದು ಅದರ 1.73 ಪಟ್ಟು, ಅಂದರೆ 1.09ಕ್ಕೆ. ಬೆಹೆನೇಟಿನ ಉಂಗುರ ಸರಿಯಾಗಿ ಈ ಎರಡನೆಯ ಪೀಕಿನ ಮೇಲೇ ಕೂರುತ್ತದೆ.

ಅರ್ಧ ಗಂಟೆಯ ಒಂದೇ ಎಕ್ಸ್‌ಪೋಷರ್ ಬದಲು ಐದೈದು ನಿಮಿಷದ ಆರು ಫ್ರೇಮ್ ತೆಗೆಯುತ್ತೇನೆ. ಉಪಕರಣ ವ್ಯಾಕ್ಯೂಮಿನಲ್ಲಿದ್ದರೆ ಕ್ಯಾಪ್ಟಾನಿನ ಮೂಲಕವೂ ನೀರು ಮೆಲ್ಲಗೆ ಹೊರಬರುತ್ತದೆ. ಫ್ರೇಮಿನಿಂದ ಫ್ರೇಮಿಗೆ ಪೀಕ್ ಏರುತ್ತಾ ಹೋದರೆ ಪುಡಿ ಇನ್ನೂ ಒಣಗುತ್ತಿದೆ. ಆ ಆರನ್ನೂ ಕೂಡಿಸದೆ, ಪುಡಿಯನ್ನು ವಾಪಸ್ ಓವನ್ನಿಗೆ ಹಾಕುವುದೇ ಸೈ.