ಎಡಬದಿಯ ಗುಂಡಿಗಳು

ಹೆಣ್ಣುಡುಗೆಯಲ್ಲಿ ಮೊದಲ ಸಲ ಬೀದಿಗಿಳಿಯುವುದಕ್ಕೆ ನಾನು ಮಳೆಯ ದಿನವನ್ನೇ ಆರಿಸಿಕೊಂಡೆ. ಮಳೆಯಲ್ಲಿ ಜನ ತಲೆ ತಗ್ಗಿಸಿ ಬಿರಬಿರನೆ ನಡೆಯುತ್ತಾರೆ, ಕೊಡೆಗಳು ಮುಖದ ಮಟ್ಟಕ್ಕೆ ಇಳಿದಿರುತ್ತವೆ, ಕೊರಳಿನಿಂದ ಮಂಡಿಯವರೆಗೆ ಮೈ ಮುಚ್ಚಿಕೊಂಡವರನ್ನು ಯಾರೂ ಎರಡನೆಯ ಸಲ ನೋಡುವುದಿಲ್ಲ. ಹೀಗೆ ಹೇಳಿದರೆ ರೇನ್‌ಕೋಟು ನನಗೆ ಬರೀ ಮರೆಯಾಗಿತ್ತು ಎಂದು ತಿಳಿದುಬಿಡಬಹುದು. ನಿಜವಾಗಿ ಹೊರಗೆ ಹೋಗಬೇಕೆಂಬ ಆಸೆ ಹುಟ್ಟಿದ್ದೇ ಆ ಕೋಟಿನಿಂದ. ಚಿಕ್ಕಂದಿನಲ್ಲಿ ಚಿಕ್ಕಮ್ಮನ ಕಡುಗೆಂಪು ರೇನ್‌ಕೋಟು ಬಾಗಿಲ ಹಿಂದಿನ ಮೊಳೆಯಲ್ಲಿ ನೀರು ತೊಟ್ಟಿಕ್ಕುತ್ತ ತೂಗುತ್ತಿದ್ದಾಗ ನಾನು ಅದರ ಅಂಚನ್ನು ಹಿಡಿದು ನಿಂತಿರುತ್ತಿದ್ದೆ. ಗಂಡಸರ ಕೋಟುಗಳು ಬೂದಿಯದೋ ಕಪ್ಪಿನದೋ ಬಣ್ಣದಲ್ಲಿ ಚೀಲದ ಹಾಗೆ ನೇರವಾಗಿ ಇಳಿಬಿದ್ದಿರುತ್ತಿದ್ದವು. ಇದಕ್ಕೆ ಸೊಂಟವಿತ್ತು, ಕೆಳಗೆ ಅರಳಿಕೊಂಡ ಘೇರಿತ್ತು, ನಡೆದರೆ ಸರಸರ ಎನ್ನುವ ದನಿಯಿತ್ತು.

ನಾನು ಗಂಡಸು, ಹಾಗೆ ಇರುವುದರಲ್ಲಿ ನನಗೆ ಕಸಿವಿಸಿಯಿಲ್ಲ. ಹೆಣ್ಣಾಗಿಯೇ ಬದುಕುವ ಟ್ರಾನ್ಸ್ ಮಹಿಳೆಯರ ಹಾದಿ ಬೇರೆ, ನನ್ನದು ಬೇರೆ, ಎರಡನ್ನೂ ಒಂದೇ ಮಾಡಿ ಹೇಳುವುದು ಸರಿಯಲ್ಲ.

ಕೋಟು ಕೊಳ್ಳುವಾಗ ನಾನು ಮಾಡಿದ ಮೊದಲ ತಪ್ಪು ಎದೆಯ ಅಳತೆಯನ್ನಷ್ಟೇ ನೋಡಿದ್ದು. ಗಂಡಸಿನ ಮೈಯಲ್ಲಿ ತೊಂದರೆ ಕೊಡುವುದು ಭುಜ. ಹೆಂಡತಿಯ ಮುಂದೆ ಮೊದಲ ಬಾರಿ ತೊಟ್ಟು ನಿಂತಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಣ್ಣ ಒಪ್ಪುತ್ತೆ ಕಣ್ರೀ, ಆದ್ರೆ ಬೆನ್ನಲ್ಲಿ ಎಳೀತಾ ಇದೆ, ಕೈ ಎತ್ತಿ ನೋಡಿ" ಎಂದಳು. ಎತ್ತಿದೆ, ಕಂಕುಳ ಹತ್ತಿರ ಹೊಲಿಗೆ ಬಿಟ್ಟುಕೊಂಡಿತು. ಅಂದಿನಿಂದ ರ್‍ಯಾಗ್ಲನ್ ತೋಳಿನ ಕೋಟುಗಳನ್ನೇ ಹುಡುಕುತ್ತೇನೆ. ಅದರಲ್ಲಿ ತೋಳಿನ ಹೊಲಿಗೆ ಭುಜದ ತುದಿಯಲ್ಲಿ ನಿಲ್ಲದೆ ಕಂಕುಳಿನಿಂದ ಓರೆಯಾಗಿ ಕೊರಳಪಟ್ಟಿಯವರೆಗೆ ಹೋಗುವುದರಿಂದ ಅಗಲವಾದ ಭುಜವೂ ಎದ್ದು ಕಾಣದೆ ಇಳಿಜಾರಾಗಿ ಕಾಣುತ್ತದೆ. 1815ರ ವಾಟರ್ಲೂ ಯುದ್ಧದಲ್ಲಿ ಬಲಗೈ ಕಳೆದುಕೊಂಡ ಸೇನಾನಿ ಲಾರ್ಡ್ ರ್‍ಯಾಗ್ಲನ್ ಅವರ ಹೆಸರು ಈ ತೋಳಿಗೆ ನಿಂತಿದೆ. ನಡುಪಟ್ಟಿಯನ್ನು ನನ್ನ ಸೊಂಟಕ್ಕಿಂತ ಎರಡು ಬೆರಳು ಮೇಲೆ ಕಟ್ಟಿದರೆ ಘೇರು ಚೆನ್ನಾಗಿ ಅರಳುತ್ತದೆ ಎನ್ನುವುದೂ ಅವಳು ಕಂಡುಕೊಂಡದ್ದೇ.

ಇನ್ನು ಗುಂಡಿಗಳ ವಿಚಾರ. ಹೆಂಗಸರ ಕೋಟಿನಲ್ಲಿ ಗುಂಡಿ ಎಡಬದಿಗಿರುತ್ತದೆ, ಕಾಜಾ ಬಲಬದಿಗಿರುತ್ತದೆ, ಬಲಗಡೆಯ ಸೆರಗು ಎಡಗಡೆಯ ಮೇಲೆ ಬಂದು ಕೂರುತ್ತದೆ. ಇಷ್ಟು ವರ್ಷ ಬಲಗೈಯಿಂದ ಗುಂಡಿ ಹಿಡಿದು ತೂರಿಸಿದ ಬೆರಳುಗಳಿಗೆ ಇದು ಅರ್ಥವೇ ಆಗಲಿಲ್ಲ. ಬಲಗೈ ಕಾಜಾದ ಅಂಚನ್ನು ಹಿಡಿದು ಕಾಯಬೇಕು, ಎಡಗೈಯ ಹೆಬ್ಬೆರಳು ಗುಂಡಿಯನ್ನು ಓರೆಯಾಗಿ ತಳ್ಳಬೇಕು. ಕನ್ನಡಿ ನೋಡದೆ ಐದು ಗುಂಡಿ ಹಾಕುವುದನ್ನು ಸಂಜೆಸಂಜೆ ಕೂತು ಕಲಿತೆ, ಏಕೆಂದರೆ ಬೀದಿಯಲ್ಲಿ ಗಾಳಿ ಬಂದು ಒಂದು ಗುಂಡಿ ಕಳಚಿದರೆ ತಡಕಾಡುವ ಕೈಯೇ ಮೊದಲು ಕಣ್ಣಿಗೆ ಬೀಳುತ್ತದೆ. ಇವತ್ತಿಗೂ ಆ ಕೋಟಿನೊಳಗೆ ನಾನು ಸೇರಿಕೊಂಡೆ ಎಂದು ಅನ್ನಿಸುವುದು ಕೊನೆಯ ಗುಂಡಿ ಎಡಗೈಯಿಂದ ಕಾಜಾ ದಾಟಿದಾಗಲೇ.

ಮೊದಲ ದಿನ ನಡೆದದ್ದು ಇಪ್ಪತ್ತು ನಿಮಿಷ. ಪಿವಿಸಿ ಕೋಟು ಹೊರಗಿನ ನೀರನ್ನು ಒಳಗೆ ಬಿಡದ ಹಾಗೆಯೇ ಒಳಗಿನ ಬೆವರನ್ನೂ ಹೊರಗೆ ಬಿಡುವುದಿಲ್ಲ, ಜೊತೆಗೆ ಹೆದರಿಕೆಯ ಬೆವರು ಬೇರೆ. ಮನೆಗೆ ಬಂದಾಗ ಒಳಗಿನ ಬಟ್ಟೆ ಮಳೆಯಲ್ಲಿ ನೆನೆದಷ್ಟೇ ಒದ್ದೆಯಾಗಿತ್ತು. ಈಗ ಒಳಗೆ ತೆಳುವಾದ ಹತ್ತಿಯ ಉದ್ದತೋಳಿನ ಅಂಗಿ ತೊಡುತ್ತೇನೆ ಮತ್ತು ಬೆನ್ನಿನ ಮಡಿಕೆಯ ಕೆಳಗೆ ಗಾಳಿಕಂಡಿ ಇರುವ ಕೋಟನ್ನೇ ಕೊಳ್ಳುತ್ತೇನೆ. ವಿಗ್‌ನದು ಇನ್ನೊಂದು ಪಾಡು. ತಲೆ ತಿರುಗಿಸಿದಾಗ ಕೋಟಿನ ಟೋಪಿ ತಿರುಗದೆ ಅಲ್ಲೇ ನಿಲ್ಲುತ್ತದೆ, ಅದರ ಉಜ್ಜಾಟಕ್ಕೆ ವಿಗ್ ಜಾರಿ ಬೈತಲೆ ಕಿವಿಯ ಕಡೆಗೆ ಬಂದುಬಿಡುತ್ತದೆ. ವಿಗ್‌ನ ಮೇಲೆ ನುಣುಪಾದ ಸ್ಕಾರ್ಫ್ ಕಟ್ಟಿ ಅದರ ಮೇಲೆ ಟೋಪಿ ಹಾಕಿಕೊಂಡರೆ ಉಜ್ಜಾಟ ನಿಲ್ಲುತ್ತದೆ. ಪಾದರಕ್ಷೆಗೆ ಎತ್ತರದ ಹಿಮ್ಮಡಿ ಬೇಡವೇ ಬೇಡ. ಒದ್ದೆ ನೆಲದಲ್ಲಿ ರಬ್ಬರ್ ಅಡಿಯ ಚಪ್ಪಟೆ ಬೂಟೇ ಸರಿ, ಕೋಟಿನ ಘೇರು ಮಂಡಿಗೆ ತಾಕುವಷ್ಟು ಚಿಕ್ಕ ಹೆಜ್ಜೆ ಇಟ್ಟರೆ ಸಾಕು.

ಮೂರನೆಯ ಸಲ ಹೋದಾಗ ಮಳೆ ಜೋರಾಗಿ ಒಂದು ಸೂರಿನ ಕೆಳಗೆ ನಿಂತೆ. ಪಕ್ಕದಲ್ಲಿದ್ದ ಹಿರಿಯ ಹೆಂಗಸೊಬ್ಬರು, "ಈ ಜೇಬಿನೊಳಗೆ ನೀರು ಹೋಗಲ್ವೇನಮ್ಮಾ?" ಎಂದು ಕೇಳಿದರು. "ಇಲ್ಲ, ಮೇಲೆ ಮುಚ್ಚಳ ಇದೆ" ಎಂದೆ, ನನ್ನದೇ ದನಿಯಲ್ಲಿ. ಅವರು ನನ್ನ ಮುಖ ನೋಡಿದರು. ಆಮೇಲೆ ಕೈ ಚಾಚಿ ಮುಚ್ಚಳವನ್ನು ಎತ್ತಿ, ಒಳಗಿನ ಅಂಟುಪಟ್ಟಿಯನ್ನು ಬೆರಳಿಂದ ಸವರಿ, "ಒಳ್ಳೇ ಕೆಲಸ ಮಾಡಿದಾರೆ" ಎಂದು ಮಳೆಯ ಕಡೆಗೆ ತಿರುಗಿದರು. ಎಲ್ಲ ಸಲವೂ ಹೀಗಾಗಲಿಲ್ಲ. ಒಮ್ಮೆ ಕೆಲವು ಹುಡುಗರು ನಗುತ್ತ ಹಿಂದೆ ಬಂದಾಗ ನಾನು ದೀಪವಿದ್ದ ಅಂಗಡಿಯೊಂದರೊಳಗೆ ಹೊಕ್ಕು ಹೆಂಡತಿಗೆ ಫೋನ್ ಮಾಡಿದೆ. ಹೋಗುವ ದಾರಿಯನ್ನು ಹಗಲಲ್ಲೇ ನೋಡಿಟ್ಟುಕೊಳ್ಳುವುದು, ಒಬ್ಬರಿಗಾದರೂ ಹೇಳಿ ಹೊರಡುವುದು, ಜನ ಓಡಾಡುವ ಬೀದಿಯನ್ನು ಬಿಡದಿರುವುದು ಅಂದಿನಿಂದ ನನ್ನ ಕಟ್ಟುನಿಟ್ಟು. ತಮ್ಮ ಊರಿನ ಕಾನೂನನ್ನೂ ತಿಳಿದುಕೊಂಡೇ ಹೊರಡಬೇಕು. ಸ್ಯಾನ್ ಫ್ರಾನ್ಸಿಸ್ಕೋದಂಥ ನಗರದಲ್ಲೂ ತನ್ನ ಲಿಂಗದ್ದಲ್ಲದ ಉಡುಗೆಯಲ್ಲಿ ಬೀದಿಗೆ ಬರುವುದು 1863ರಿಂದ 1974ರವರೆಗೆ ಅಪರಾಧವಾಗಿತ್ತು ಎನ್ನುವುದನ್ನು ನೆನೆದರೆ ನನ್ನ ಇಪ್ಪತ್ತು ನಿಮಿಷದ ತೂಕ ನನಗೆ ತಿಳಿಯುತ್ತದೆ.

ಕೋಟಿನ ಆರೈಕೆಯನ್ನು ಕಡೆಗಣಿಸಬಾರದು. 1823ರಲ್ಲಿ ಚಾರ್ಲ್ಸ್ ಮ್ಯಾಕಿಂತೋಷ್ ಎರಡು ಬಟ್ಟೆಗಳ ನಡುವೆ ರಬ್ಬರ್ ಬಳಿದು ಪೇಟೆಂಟ್ ಪಡೆದ ಕಾಲದ ಕೋಟುಗಳು ಬಿಸಿಲಿಗೆ ಅಂಟಂಟಾಗಿ, ಚಳಿಗೆ ಗಡುಸಾಗಿ, ಸೂಜಿ ಹೊಕ್ಕ ತೂತುಗಳಲ್ಲೆಲ್ಲ ಸೋರುತ್ತಿದ್ದವಂತೆ. ಬಿಸಿಲಿನ ಕಾಟ ಪಿವಿಸಿಗೂ ತಪ್ಪಿಲ್ಲ, ಸೋರಿಕೆ ಇಂದಿಗೂ ಶುರುವಾಗುವುದು ಹೊಲಿಗೆಯಲ್ಲೇ. ಆದ್ದರಿಂದ ಕೊಳ್ಳುವಾಗಲೇ ಒಳಮಗ್ಗುಲು ತಿರುವಿ ಹೊಲಿಗೆಯ ಮೇಲೆ ಟೇಪ್ ಅಂಟಿಸಿದ್ದಾರೆಯೇ ಎಂದು ನೋಡುತ್ತೇನೆ. ನನ್ನ ಮೊದಲ ಕೋಟನ್ನು ಯಾರಿಗೂ ಕಾಣಬಾರದೆಂದು ಒದ್ದೆಯಾಗಿರುವಾಗಲೇ ಮಡಿಚಿ ಪೆಟ್ಟಿಗೆಯ ತಳದಲ್ಲಿಟ್ಟಿದ್ದೆ. ಮುಂದಿನ ಮಳೆಗಾಲಕ್ಕೆ ತೆಗೆದಾಗ ಪದರಗಳು ಒಂದಕ್ಕೊಂದು ಹತ್ತಿಕೊಂಡಿದ್ದವು, ಬಿಡಿಸಲು ಹೋದರೆ ಹೊಳಪು ಸಿಪ್ಪೆಯಾಗಿ ಎದ್ದಿತು. ಈಗಿನ ನೀಲಿ ಕೋಟು ಒದ್ದೆಬಟ್ಟೆಯಲ್ಲಿ ಒರೆಸಿಕೊಂಡು, ದಪ್ಪ ಹ್ಯಾಂಗರಿನ ಮೇಲೆ, ಬಾಗಿಲ ಹಿಂದೆ, ನೆರಳಲ್ಲಿ ನೀರು ತೊಟ್ಟಿಕ್ಕುತ್ತ ತೂಗುತ್ತದೆ.