ವಿದೇಶದಲ್ಲಿ ಎಂ.ಎಸ್.: ಅರ್ಜಿಗೆ ಮೊದಲು ಕಾಗದಪತ್ರ

ವಿದೇಶದಲ್ಲಿ ಎಂ.ಎಸ್. ಎಂಬ ಸ್ನಾತಕೋತ್ತರ ಪದವಿ ಓದುವ ಆಸೆಯಿರುವ ದಾವಣಗೆರೆಯ ವಿದ್ಯಾರ್ಥಿಗಳು ಮೊದಲು ವಿಶ್ವವಿದ್ಯಾಲಯಗಳ ಪಟ್ಟಿ ಹುಡುಕಲು ಕೂರುತ್ತಾರೆ. ಆದರೆ ಅರ್ಜಿ ತಡವಾಗುವುದು ಹೆಚ್ಚಾಗಿ ಇಲ್ಲಿಯ ಕಾಗದಪತ್ರಗಳಿಂದ. ಆದ್ದರಿಂದ ಹೊರಡುವುದಕ್ಕೆ ಒಂದು ವರ್ಷಕ್ಕೂ ಮುಂಚೆಯೇ ಈ ಕೆಲಸಕ್ಕೆ ಕೈಹಾಕಬೇಕು.

ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟ್ ಇಷ್ಟನ್ನೂ ಪಕ್ಕಪಕ್ಕ ಇಟ್ಟು ಹೆಸರಿನ ಒಂದೊಂದು ಅಕ್ಷರವನ್ನೂ ತಾಳೆ ನೋಡಿ. ನಮ್ಮ ಕಡೆ ಊರಿನ ಮತ್ತು ತಂದೆಯ ಹೆಸರನ್ನು ಇನಿಷಿಯಲ್ ಆಗಿ ಬರೆಯುವುದು ವಾಡಿಕೆ. ಅಂಕಪಟ್ಟಿಯಲ್ಲಿ ‘ಕಾವ್ಯ ಎಚ್.ಎಂ.’ ಎಂದೂ ಪಾಸ್‌ಪೋರ್ಟಿನಲ್ಲಿ ‘ಕಾವ್ಯ ಹರಪನಹಳ್ಳಿ ಮಂಜುನಾಥ’ ಎಂದೂ ಇದ್ದರೆ, ಅವೆರಡೂ ಒಬ್ಬರದೇ ಹೆಸರೆಂದು ಅಲ್ಲಿಯ ಪ್ರವೇಶ ವಿಭಾಗದವರಿಗೆ ಹೊಳೆಯುವುದಿಲ್ಲ. ಅದಕ್ಕೊಂದು ನೋಟರಿ ಅಫಿಡವಿಟ್ ಜತೆಗಿರಲಿ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಅದು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ ‘ಗೊತ್ತಿಲ್ಲ’ ಎಂಬರ್ಥದ ‘ಎಫ್‌ಎನ್‌ಯು’ ಅಚ್ಚಾಗುತ್ತದೆ. ಇನಿಷಿಯಲ್ ಬಿಡಿಸಿ ಬರೆಸಿ ಪಾಸ್‌ಪೋರ್ಟನ್ನು ಈಗಲೇ ಸರಿಪಡಿಸಿಕೊಳ್ಳುವುದು ಲೇಸು. ಮುಂದಿನ ಪ್ರತಿ ಅರ್ಜಿಯಲ್ಲೂ ಪಾಸ್‌ಪೋರ್ಟಿನಲ್ಲಿರುವಂತೆಯೇ ಹೆಸರು ಬರೆಯಿರಿ.

ಎರಡನೆಯದು ಟ್ರಾನ್ಸ್‌ಕ್ರಿಪ್ಟ್, ಅಂದರೆ ಎಲ್ಲ ಸೆಮಿಸ್ಟರ್‌ಗಳ ಅಂಕಗಳನ್ನು ಒಟ್ಟುಗೂಡಿಸಿ ವಿಶ್ವವಿದ್ಯಾಲಯ ಮುದ್ರೆಯೊತ್ತಿ ಕೊಡುವ ದಾಖಲೆ. ಯುಬಿಡಿಟಿ, ಬಿಐಇಟಿ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಬೆಳಗಾವಿಯ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯುನಿಂದಲೂ, ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಪದವಿ ಕಾಲೇಜಿನವರು ಶಿವಗಂಗೋತ್ರಿಯ ದಾವಣಗೆರೆ ವಿಶ್ವವಿದ್ಯಾನಿಲಯದಿಂದಲೂ ಇದನ್ನು ಪಡೆಯಬೇಕು. ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ನ ಅಂಕಕ್ಕೆ 2 ವರ್ಷ, ಸ್ನಾತಕೋತ್ತರ ಪ್ರವೇಶಕ್ಕೆ ಬರೆಯುವ ಜಿಆರ್‌ಇಗೆ 5 ವರ್ಷ ಮಾನ್ಯತೆ ಇರುವುದರಿಂದ ಪರೀಕ್ಷೆಗಳನ್ನು ಬೇಗ ಮುಗಿಸಿಕೊಳ್ಳಬಹುದು.

ದೇಶದಿಂದ ದೇಶಕ್ಕೆ ಲೆಕ್ಕ ಬೇರೆ. ಅಮೆರಿಕದಲ್ಲಿ ಆಗಸ್ಟ್‌ನ ಪ್ರವೇಶಕ್ಕೆ ಅನೇಕ ಕಡೆ ಹಿಂದಿನ ಡಿಸೆಂಬರ್-ಜನವರಿಯಲ್ಲೇ ಗಡುವು ಮುಗಿಯುತ್ತದೆ. ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ; ಆದರೆ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯ 2017ರಿಂದ ಐರೋಪ್ಯ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರ್‌ಗೆ 1,500 ಯೂರೋ ಪಡೆಯುತ್ತಿದೆ. 2022ರ ನವೆಂಬರ್‌ನಿಂದ ಜರ್ಮನಿಯ ವಿದ್ಯಾರ್ಥಿ ವೀಸಾಕ್ಕೆ ಭಾರತೀಯ ವಿದ್ಯಾರ್ಥಿಗಳಿಗೆ ಎಪಿಎಸ್ ಪ್ರಮಾಣಪತ್ರ ಕಡ್ಡಾಯವಾಗಿದ್ದು, ನಿಮ್ಮ ಅಂಕಪಟ್ಟಿಗಳು ಅಸಲಿಯೇ ಎಂದು ಪರಿಶೀಲಿಸಿಯೇ ಅದನ್ನು ಕೊಡುತ್ತಾರೆ. ಹೆಸರಿನ ವ್ಯತ್ಯಾಸ ಇಲ್ಲಿಯೂ ತೊಡಕಾಗುತ್ತದೆ.

ಈ ಕೋರ್ಸನ್ನು ಏಕೆ ಓದಬೇಕೆಂದಿದ್ದೀರಿ ಎಂದು ತಿಳಿಸುವ ಉದ್ದೇಶಪತ್ರವನ್ನು (ಎಸ್‌ಒಪಿ) ಏಜೆಂಟರ ಸಿದ್ಧ ಮಾದರಿಯಿಂದ ನಕಲು ಮಾಡಬೇಡಿ. ಅಂತಿಮ ವರ್ಷದ ಪ್ರಾಜೆಕ್ಟಿನಲ್ಲಿ ನೀವೇ ಮಾಡಿದ ಭಾಗವನ್ನು ವಿವರಿಸಿದರೆ ಅದಕ್ಕೆ ಹೆಚ್ಚು ತೂಕವಿದೆ. ಶಿಫಾರಸು ಪತ್ರಕ್ಕಾಗಿ ಮೇಷ್ಟ್ರನ್ನು ಕನಿಷ್ಠ ಒಂದು ತಿಂಗಳು ಮೊದಲು ಕೇಳಿ, ಅಂಕಪಟ್ಟಿ ಮತ್ತು ಪ್ರಾಜೆಕ್ಟ್ ವರದಿಯನ್ನೂ ಅವರ ಕೈಗೆ ಕೊಡಿ.

ಹಣದ ವಿಷಯವನ್ನು ಮನೆಯವರು ಈಗಲೇ ಕೂತು ಮಾತಾಡಬೇಕು. ಸರ್ಕಾರಿ ಬ್ಯಾಂಕುಗಳ ಶೈಕ್ಷಣಿಕ ಸಾಲ ಸಾಮಾನ್ಯವಾಗಿ ಏಳೂವರೆ ಲಕ್ಷ ರೂಪಾಯಿ ದಾಟಿದರೆ ಆಸ್ತಿಯ ಆಧಾರ ಬೇಕು. ಭದ್ರಾ ನಾಲೆಯ ಗದ್ದೆ, ಅಡಿಕೆ ತೋಟ ಎಷ್ಟಿದ್ದರೂ ಕೃಷಿ ಜಮೀನನ್ನು ಈ ಸಾಲಕ್ಕೆ ಹೆಚ್ಚಿನ ಬ್ಯಾಂಕುಗಳು ಒಪ್ಪುವುದಿಲ್ಲ. ಮನೆ ಅಥವಾ ಸೈಟಿನ ಪತ್ರಗಳನ್ನು ಕೇಳುತ್ತಾರೆ. ಆ ಆಸ್ತಿಯ ಖಾತೆ ಇನ್ನೂ ಅಜ್ಜನ ಹೆಸರಿನಲ್ಲೇ ಇದ್ದರೆ, ವಿಶ್ವವಿದ್ಯಾಲಯದ ಪ್ರವೇಶಪತ್ರಕ್ಕೆ ಕಾಯದೆ ಖಾತೆ ಬದಲಾವಣೆಗೆ ಇಂದೇ ಅರ್ಜಿ ಹಾಕಿ.